ನಲವತ್ತಾರು ರೊಟ್ಟಿಗಳ ಬುಟ್ಟಿ

ಗಂಗಪ್ಪನವರು ಬುಟ್ಟಿಯ ಮೇಲಿನ ಆರು ಖಡಕ್ ರೊಟ್ಟಿಗಳನ್ನು ತೆಗೆದು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟರು. ಅಂಚಿಗೆ ಅಂಚು ಕೂಡಿತು, ಒಂದೇ ಅಚ್ಚಿನಿಂದ ತೆಗೆದ ಹಾಗೆ.

ಮೂವತ್ತೊಂದು ವರ್ಷ ರೈಲ್ವೆಯಲ್ಲಿ ಕಳೆದುಹೋದ ಪಾರ್ಸಲುಗಳ ಬೆನ್ನು ಹತ್ತಿ, ಹೋದ ವರ್ಷ ಹುಬ್ಬಳ್ಳಿಯಲ್ಲಿ ನಿವೃತ್ತರಾದವರು ಅವರು. ಇಲಿ ತಿಂದ ದಾಖಲೆಗಳನ್ನು ಬೇಕಾದಷ್ಟು ನೋಡಿದ್ದರು. ಹಸಿವಾದರೆ ತನಿಖೆ ಮಾಡುವವನೇ ತಿನ್ನಬಹುದಾದ ದಾಖಲೆ ಇದೇ ಮೊದಲು.

"ಇವು ಯಾವ್ಯಾವ ದಿನದವ್ರಿ?"

ಸಿಲೋವ ದವಾಖಾನೆಯ ಡಾ. ಫ್ಲೋರೆನ್ಸ್ ರೊಟ್ಟಿಗಳ ನಡುವಿನ ಚೀಟಿಗಳನ್ನು ನೋಡಿ ಹೇಳಿದರು. ಹೋದ ಗುರುವಾರದಿಂದ ಈ ಮಂಗಳವಾರದವರೆಗಿನವು. ಬುಧವಾರದಿಂದ ರೋಗಿ ಉಡಚವ್ವನ ಕೈ ಹಿಟ್ಟಿನವರೆಗೆ ಹೋಗುತ್ತಿಲ್ಲ. ಇವತ್ತು ಶನಿವಾರ. ಉಡಚವ್ವನ ಔಷಧ ಯಾರ ಕೈಗೆ ಹೋಯಿತೆಂಬುದು ಸಂಜೆ ಆರರೊಳಗೆ ಗೊತ್ತಾಗಬೇಕಿತ್ತು.

ರೊಟ್ಟಿಗೂ ರೋಗಕ್ಕೂ ಸಂಬಂಧ ಹಚ್ಚಿದವರು ಡಾ. ಫ್ಲೋರೆನ್ಸ್. ಪಾರ್ಕಿನ್ಸನ್ ಎಂಬ ವಿಲಾಯತಿ ವೈದ್ಯನ ಹೆಸರು ಹೊತ್ತ, ಊರವರು ನಡುಗು ಬ್ಯಾನಿ ಎನ್ನುವ ಈ ರೋಗ ಕೈ ನಡುಗಿಸುವ ಮೊದಲು ಕೈಯ ಹರವನ್ನು ಕುಗ್ಗಿಸುತ್ತದೆ. ಪರದೇಶದ ಡಾಕ್ಟರುಗಳು ರೋಗಿಯಿಂದ ನಾಲ್ಕು ಸಾಲು ಬರೆಸಿ, ಅಕ್ಷರ ಸಣ್ಣದಾಗುತ್ತ ಹೋಗುತ್ತದೆಯೇ ಎಂದು ನೋಡುತ್ತಾರೆ. ಅಮ್ಮಿನಬಾವಿಯ ಹೆಂಗಸರು ಬರೆಯುವುದಿಲ್ಲ, ರೊಟ್ಟಿ ಬಡಿಯುತ್ತಾರೆ. ಡಾಕ್ಟರು ಅವರ ಮುಂದೆ ಹಿಟ್ಟಿನ ಮುದ್ದೆ ಇಟ್ಟು, ತಾವು ಫೂಟುಪಟ್ಟಿ ಹಿಡಿದು ಕೂತರು. ಕೈ ಇನ್ನೂ ನಡುಗದ ಮೂವರಲ್ಲಿ ರೋಗವನ್ನು ರೊಟ್ಟಿಯ ಅಳತೆಯಿಂದಲೇ ಹಿಡಿದರು. ಇದನ್ನು ಕೇಳಿದ ಹುಬ್ಬಳ್ಳಿಯ ದೊಡ್ಡ ಡಾಕ್ಟರೊಬ್ಬರು, ಪಲ್ಯ ಯಾವಾಗ ಎಂದು ವಿಚಾರಿಸಿದರಂತೆ.

ರೋಗ ಹಿಡಿಯುವುದು ಒಂದು, ಬಿಡಿಸುವುದು ಇನ್ನೊಂದು. ಹೋದ ವರ್ಷ ಅಮೆರಿಕದಲ್ಲಿ ಎಲ್-ಡೋಪಾ ಎಂಬ ಪುಡಿ ಇಂಥ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿದ ಸುದ್ದಿ ಬಂದಿತ್ತು. ಡಾಕ್ಟರು ತಾಯಿಯ ಬಂಗಾರ ಮಾರಿ ಒಂದು ಬಾಟಲಿ ತರಿಸಿದರು. ಒಂದು ಬಾಟಲಿಗೆ ಒಬ್ಬ ರೋಗಿ. ಉಡಚವ್ವ ಸಿಲೋವ ದವಾಖಾನೆಗೆ ಬಂದಾಗ ಆಕೆಯ ರೊಟ್ಟಿ ಅಂಗೈಯಗಲ ಇತ್ತು. ತಿಂಗಳೊಪ್ಪತ್ತಿನಲ್ಲಿ ಹತ್ತು ಇಂಚು ದಾಟಿತು. ದಿನಕ್ಕೊಂದು ರೊಟ್ಟಿ, ಒಣಗಿಸಿ, ತಾರೀಖಿನ ಚೀಟಿ ಇಟ್ಟು ಬುಟ್ಟಿಗೆ. ಸಂಶೋಧನೆಯ ದಾಖಲೆ ಎಂದರೆ ಇಷ್ಟೇ.

ಆಮೇಲೆ ಆಕೆ ಮತ್ತೆ ಸೆಟೆದಳು.

ನಾಳೆ ಭಾನುವಾರ ಹನ್ನೊಂದಕ್ಕೆ ಯಂಕವ್ವ ಸ್ಮಾರಕ ನಿಧಿಯ ಪಂಚರು ದವಾಖಾನೆಗೆ ಬರುವವರಿದ್ದರು. ಉಡಚವ್ವ ಅವರೆದುರು ಒಂದು ರೊಟ್ಟಿ ಬಡಿದರೆ ಮೂರು ವರ್ಷದ ಔಷಧ, ಆರು ಹಾಸಿಗೆ, ಒಬ್ಬ ರಸಾಯನ ತಜ್ಞ. ಬಡಿಯದಿದ್ದರೆ ಆ ದುಡ್ಡಿನಲ್ಲಿ ಒಂದು ಧರ್ಮಶಾಲೆ. ಪಂಚರಲ್ಲಿ ಇಬ್ಬರು ಈಗಾಗಲೇ ಧರ್ಮಶಾಲೆಯ ಕಡೆಗಿದ್ದರು. ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು, ರೊಟ್ಟಿಯ ಮೇಲೆ ಆಗದು.

ನಿಧಿಯ ಧಣಿ, ಹುಬ್ಬಳ್ಳಿಯ ಅರಳೆ ವ್ಯಾಪಾರಿ ಮಹಾದೇವಪ್ಪ ಸಾವಕಾರರು ಮಾತ್ರ ಡಾಕ್ಟರ ಕಡೆಗಿದ್ದರು. ಅವರ ತಾಯಿ ಯಂಕವ್ವ ಒಂಬತ್ತು ವರ್ಷ ಇದೇ ರೋಗದಲ್ಲಿ ಮಲಗಿ ಹೋದವರು. ನಿನ್ನೆ ಗಂಗಪ್ಪನವರನ್ನು ಕರೆಸಿ, ಹಿಡಿಕೆ ಮುರಿದ ಕಪ್ಪಿನಲ್ಲಿ ಚಹ ಕೊಡಿಸಿದರು. ಗಂಗಪ್ಪನವರು ಬುದ್ಧನಿಗೆ ಶರಣು ಹೋಗಿ ಹನ್ನೊಂದು ವರ್ಷವಾಗಿತ್ತು. ಆ ಕಪ್ಪಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಸಾವಕಾರರ ಮಾತು ಸರಳವಿತ್ತು. ಔಷಧ ಕಳುವಾಗಿದ್ದರೆ ಶನಿವಾರ ಸಂಜೆ ಆರರೊಳಗೆ ಕಳ್ಳನನ್ನು ತೋರಿಸಬೇಕು. ಸಭೆಯನ್ನು ಒಂದು ತಿಂಗಳು ಮುಂದೂಡುತ್ತಾರೆ. ಕಳ್ಳ ಇಲ್ಲವೆಂದರೆ ಔಷಧವೇ ಸೋತಿತು ಎಂದರ್ಥ, ದುಡ್ಡು ಧರ್ಮಶಾಲೆಗೆ.

ಕಳ್ಳ ಯಾರೆಂಬುದು ದವಾಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಗಂಗಪ್ಪನವರೊಬ್ಬರನ್ನು ಬಿಟ್ಟು. ಕಪಾಟಿನ ಕೀಲಿ ಇರುವುದು ಕಂಪೌಂಡರ್ ಯಾಕೂಬಸಾಬರ ಹತ್ತಿರ. ಅಷ್ಟು ಸಾಕು. ಅವರು ಮೂರು ದಿನದಿಂದ ವರಾಂಡದ ಬೆಂಚಿನ ಮೇಲೆ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎದುರು ಹಾಯುವ ನರ್ಸುಗಳು ಈಗ ಅವರಿಗೆ ನಮಸ್ಕಾರ ಹೇಳುತ್ತಿರಲಿಲ್ಲ.

ಗಂಗಪ್ಪನವರು ಬಾಟಲಿಯನ್ನು ತಕ್ಕಡಿಯಲ್ಲಿಟ್ಟು ನೋಡಿದ್ದರು. ಉಳಿದಿರಬೇಕಾದಷ್ಟೇ ಪುಡಿ ಉಳಿದಿತ್ತು.

"ತಕ್ಕಡಿ ಸುಳ್ಳ ಹೇಳಂಗಿಲ್ರಿ," ಎಂದಿದ್ದರು ಯಾಕೂಬಸಾಬರು. "ನಾ ಹೇಳಬಹುದು. ನನಗ ನಾಕು ಮಕ್ಕಳದಾವ."

ದಿನಾ ಬೆಳಿಗ್ಗೆ ಏಳಕ್ಕೆ ಅವರು ನಾಲ್ಕು ಪುಡಿಕೆ ಕಟ್ಟಿ ತಟ್ಟೆಯಲ್ಲಿಟ್ಟು ಡಾಕ್ಟರ ಮೇಜಿನ ಮೇಲಿಡುತ್ತಾರೆ. ಎಂಟಕ್ಕೆ ಅದು ಉಡಚವ್ವನ ಸೊಸೆಯ ಕೈ ಸೇರುತ್ತದೆ. ನಡುವಿನ ಒಂದು ತಾಸು ಆ ಕೋಣೆಯ ಬಾಗಿಲು ತೆರೆದೇ ಇರುತ್ತದೆ. ಹಾಗಾದರೆ ಪುಡಿ ಕಾಣೆಯಾದದ್ದು ಬಾಟಲಿಯಿಂದಲ್ಲ. ತಕ್ಕಡಿ ದಾಟಿದ ಮೇಲೆ, ರೋಗಿಯ ಬಾಯಿ ಮುಟ್ಟುವ ಮೊದಲು.

ಗಂಗಪ್ಪನವರು ಕೊನೆಯ ಆರನ್ನು ಪಕ್ಕಕ್ಕಿಟ್ಟು, ಅವುಗಳ ಕೆಳಗಿದ್ದ ಆರನ್ನು ಸಾಲಾಗಿ ಹರಡಿದರು. ಹತ್ತೂಕಾಲು, ಹತ್ತು, ಹತ್ತೂಕಾಲು, ಹತ್ತು, ಒಂಬತ್ತೂಮುಕ್ಕಾಲು, ಒಂಬತ್ತೂವರೆ. ಆಮೇಲಿನ ಆರೂ ಒಂಬತ್ತೂವರೆ. ರೊಟ್ಟಿಯನ್ನು ಇಳಿಸುತ್ತ ಬಂದ ರೋಗ ಹೀಗೆ ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಳ್ಳುವುದಿಲ್ಲ.

"ಇದನ್ನ ದಿನಾ ನೀವ ಅಳದೀರಲ್ರಿ, ಡಾಕ್ಟರಬಾಯಾರ?"

"ನಾನ ಅಳದೇನಿ," ಎಂದರು ಡಾ. ಫ್ಲೋರೆನ್ಸ್. ಕಿಟಕಿಯ ಕಡೆ ತಿರುಗಿದ್ದರು. ಮೂರು ರಾತ್ರಿಯಿಂದ ಮಲಗದ ಮುಖ. ರೋಗಿಗಳು ಬಾಗಿಲ ಹೊರಗೆ ಕಾಯುತ್ತಿದ್ದಾರೆಂದು ನರ್ಸು ಎರಡನೆಯ ಸಲ ನೆನಪಿಸಿದಾಗ ಎದ್ದು ಹೋದರು.

ಗಂಗಪ್ಪನವರು ಹನ್ನೆರಡೂ ರೊಟ್ಟಿಗಳನ್ನು ಎತ್ತಿಕೊಂಡು ಹಿತ್ತಲ ಕಡೆ ನಡೆದರು. ದಾರಿಯಲ್ಲಿ ಹೆಂಗಸರ ವಾರ್ಡು. ಉಡಚವ್ವ ಮಂಚದ ಮೇಲೆ ಯಾರೋ ಇಟ್ಟು ಮರೆತುಹೋದ ಗಂಟಿನಂತೆ ಇದ್ದಳು. ನರ್ಸು ಬಾಯಿಗಿಟ್ಟ ಗಂಜಿ ತುಟಿಯ ಅಂಚಿನಲ್ಲೇ ನಿಂತಿತ್ತು, ಒಳಗೂ ಹೋಗದೆ ಹೊರಗೂ ಬರದೆ. ಕಣ್ಣು ಮಾತ್ರ ಅವರ ಕೈಯಲ್ಲಿದ್ದ ರೊಟ್ಟಿಗಳ ಹಿಂದೆ ಹರಿಯಿತು. ಏನೋ ಹೇಳಲು ಹೊರಟಳು. ಗಂಗಪ್ಪನವರು ನಿಂತರು. ಒಂದು ಶಬ್ದ ಬರಲು ಬಹಳ ಹೊತ್ತು ಹಿಡಿಯಿತು.

"ನಾಳಿ…"

ನಾಳೆ ಏನೆಂಬುದು ಆಕೆಗೂ ಗೊತ್ತಿತ್ತು.

ಹಿತ್ತಲ ತಗಡಿನ ಚಪ್ಪರದಲ್ಲಿ ಆಕೆಯ ಸೊಸೆ ಸಾವಂತ್ರೆವ್ವ ಒಲೆ ಊದುತ್ತಿದ್ದಳು. ಮೂವತ್ತರ ಆಚೆಯ ಗಟ್ಟಿ ಹೆಂಗಸು. ಅತ್ತೆಯ ಜೋಡಿ ಅಮ್ಮಿನಬಾವಿಯಿಂದ ಬಂದು ಎರಡು ತಿಂಗಳಿಂದ ಇಲ್ಲೇ ಇದ್ದಳು. ಗಂಗಪ್ಪನವರು ಕಟ್ಟಿಗೆಯ ತುಂಡೊಂದರ ಮೇಲೆ ಕೂತು, ಕೊನೆಯ ಆರು ರೊಟ್ಟಿ ಬಲಕ್ಕೆ, ಹಿಂದಿನ ಆರು ಎಡಕ್ಕೆ ಇಟ್ಟರು.

"ಎಡಕ್ಕ ಇದ್ದದ್ದು ನಿಮ್ಮ ಅತ್ತಿ ಬಡದದ್ದು. ಇದು ಯಾರು ಬಡದದ್ದು, ತಂಗಿ?"

"ಅವೂ ಅವರ ಬಡದದ್ರಿ."

"ಆರು ದಿನಾ ಒಂದ ಅಳತಿ?"

"ಕೈ ಕುಂತಿತ್ರಿ."

"ಕೈ ಕುಂತಾಕಿ ಏಳನೇ ದಿನಾ ಹಿಟ್ಟ ಮುಟ್ಟಲಿಲ್ಲ."

ಸಾವಂತ್ರೆವ್ವ ಒಲೆಯನ್ನು ಬೇಕಾಗಿದ್ದಕ್ಕಿಂತ ಜೋರಾಗಿ ಊದಿದಳು. ಹೊಗೆ ಎದ್ದಿತು. ಹೊಗೆಯಲ್ಲಿ ಕಣ್ಣೀರಿಗೆ ಕಾರಣ ಹೇಳಬೇಕಾಗುವುದಿಲ್ಲ.

ಗಂಗಪ್ಪನವರು ಬೈಯಲಿಲ್ಲ, ಹೆದರಿಸಲಿಲ್ಲ. ತನಗೆ ಹಸಿವಾಗಿದೆ, ಒಂದು ರೊಟ್ಟಿ ಬಡಿ ಎಂದರು. ಅನುಮಾನದಿಂದಲೇ ಆಕೆ ಮುದ್ದೆ ತೆಗೆದುಕೊಂಡಳು. ಕೈ ಹಲಗೆ ಮುಟ್ಟಿದ ಕೂಡಲೇ ಅನುಮಾನ ಮರೆತಿತು. ಟಪ ಟಪ ಸದ್ದು ಏಕತಾಳದಲ್ಲಿ ನಡೆಯಿತು. ರೊಟ್ಟಿ ತಿರುಗುತ್ತ ಹರಡಿತು. ಹಿಟ್ಟು ಇನ್ನೂ ಹರಿಯುವ ಹುರುಪಿನಲ್ಲಿದ್ದಾಗ, ಕಾಣದ ಗೋಡೆಯೊಂದನ್ನು ಮುಟ್ಟಿದಂತೆ ಕೈ ನಿಂತಿತು.

ಗಂಗಪ್ಪನವರು ಬಲಗಡೆಯ ಖಡಕ್ ರೊಟ್ಟಿಯೊಂದನ್ನು ಆ ಹಸಿ ರೊಟ್ಟಿಯ ಮೇಲೆ ಹಿಡಿದರು. ಮುಚ್ಚಳ ಕೂತ ಹಾಗೆ ಕೂತಿತು.

"ಇನ್ನೂ ಎರಡು ಬಟ್ಟು ಹರೀತಿತ್ತು. ಯಾಕ ನಿಲ್ಲಿಸಿದಿ?"

"ಅತ್ತಿ ರೊಟ್ಟಿಕಿಂತ ದೊಡ್ಡದು ಬಡಿಯೂ ರೂಢಿ ಇಲ್ರಿ, ನಮ್ಮನ್ಯಾಗ."

ಹೇಳಿದ ಮೇಲೆ ಆಕೆಗೆ ತಾನು ಏನು ಹೇಳಿದೆನೆಂದು ಗೊತ್ತಾಯಿತು.

ಉಳಿದದ್ದು ತಾನಾಗಿ ಹೊರಬಿತ್ತು. ಹದಿನಾಲ್ಕು ವರ್ಷದ ಹಿಂದೆ, ಸೊಸೆಯಾಗಿ ಬಂದ ಮರುದಿನ ಬಡಿದ ಮೊದಲ ರೊಟ್ಟಿ ಅತ್ತೆಯ ರೊಟ್ಟಿಗಿಂತ ಎರಡು ಬೆರಳು ಹೆಚ್ಚು ಅಗಲವಿತ್ತು. ಉಡಚವ್ವ ಒಂದು ಮಾತೂ ಆಡಲಿಲ್ಲ. ತನ್ನ ರೊಟ್ಟಿಯನ್ನು ಅದರ ಮೇಲಿಟ್ಟು, ಹೊರಗುಳಿದ ಅಂಚನ್ನು ಸುತ್ತಲೂ ಮುರಿದು ನಾಯಿಗೆ ಹಾಕಿದಳು. ಅಂದಿನಿಂದ ಸಾವಂತ್ರೆವ್ವನ ಕೈ ಅತ್ತೆಯ ರೊಟ್ಟಿಯನ್ನು ನೋಡದೆ ನಿಲ್ಲುವುದನ್ನು ಕಲಿಯಿತು. ಹೋದ ಗುರುವಾರ ಅತ್ತೆಯ ಬೆರಳು ಹಿಟ್ಟಿನಲ್ಲೇ ಸಿಕ್ಕಿಕೊಂಡಾಗ ಹಲಗೆಯನ್ನು ತನ್ನ ಮುಂದೆ ಎಳೆದುಕೊಂಡು, ಹಿಂದಿನ ದಿನದ ಅಳತೆಗೆ ಒಂದು ಬಡಿದಿಟ್ಟಳು. ಅತ್ತೆಗಿಂತ ಜಾಣೆಯಾಗುವ ಧೈರ್ಯ ಅಲ್ಲೂ ಬರಲಿಲ್ಲ. ಬಂದಿದ್ದರೆ ಆರು ರೊಟ್ಟಿ ಆರು ಥರ ಬಡಿದು, ತಪ್ಪಿಸಿಕೊಂಡುಬಿಡುತ್ತಿದ್ದಳು.

"ರೊಟ್ಟಿ ಸಣ್ಣದಾದ್ರ ಮನಿಗೆ ಕಳಸ್ತಾರ ಅಂತ ತಿಳದೆ," ಎಂದಳು. "ಮನ್ಯಾಗ ಎರಡ ಸಲ ಉಸರ ಕಟ್ಟೇತ್ರಿ ಅವರಿಗೆ, ಗಂಜಿ ನುಂಗಾಕಾಗದ. ಇಲ್ಲಾದ್ರ ನರ್ಸಮ್ಮ ಇರತಾರ." ಒಲೆಯ ಕಟ್ಟಿಗೆ ಒಳಗೆ ನೂಕಿ ಕೇಳಿದಳು: "ನನ್ನಿಂದ ಸಾಯ್ತಾರೇನ್ರಿ?"

ಗಂಗಪ್ಪನವರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಪರಿಹಾರದ ಅರ್ಜಿ ತಿರಸ್ಕರಿಸಿ ಮಾತ್ರ ಅಭ್ಯಾಸವಿತ್ತು.

"ನಿನ್ನಿಂದ ಆರು ದಿನಾ ಹೋದ್ವು. ಸಾಯೂದು ಬದುಕೂದು ಪುಡೀ ಮ್ಯಾಲ ಅದ. ಅದನ್ನ ಹೇಳು."

ಪುಡಿಕೆಗಳು ನಾಲ್ಕೇ ಬರುತ್ತಿದ್ದವು. ಆದರೆ ಮೂರು ವಾರದಿಂದ ಅವು ಹಗುರಾಗಿದ್ದವು. ಚಿಟಿಕೆಯಲ್ಲಿ ಉಪ್ಪು ತೂಗುವ ಕೈಗೆ ಅದು ಮೊದಲ ದಿನವೇ ತಿಳಿದಿತ್ತು. ಅರ್ಧಕ್ಕರ್ಧ ಇರಬೇಕು. ಕಲಿತವರು ಕಡಿಮೆ ಮಾಡ್ಯಾರಂದ್ರ ಕಡಿಮೆ ಸಾಕಾಗಿರಬೇಕು ಎಂದು ಸುಮ್ಮನಿದ್ದಳು. ಕೇಳಬೇಕೆಂದರೆ ಡಾಕ್ಟರಬಾಯಿಯೂ ಆ ದಿನಗಳಲ್ಲಿ ಬೆಳಿಗ್ಗೆ ಎದುರು ನಿಂತು ನೋಡುವುದನ್ನು ಬಿಟ್ಟಿದ್ದರು. ಬಡಿದಿಡು, ಆಮೇಲೆ ಬಂದು ಅಳೆಯುತ್ತೇನೆ ಎನ್ನುತ್ತಿದ್ದರು.

ಗಂಗಪ್ಪನವರು ಕಿಸೆಯ ಪುಸ್ತಕದಲ್ಲಿ ಪುಡಿಕೆಯ ಮಾತನ್ನು ಬರೆದುಕೊಂಡರು. ಡಾಕ್ಟರ ಕುರಿತ ಕೊನೆಯ ಮಾತನ್ನು ಬರೆಯಲಿಲ್ಲ. ಪೆನ್ಸಿಲು ಅಲ್ಲಿಗೆ ಬಂದು ನಿಂತಿತು.

ಅಷ್ಟರಲ್ಲಿ ಅಗಸರ ಮುದಕವ್ವ ಬಟ್ಟೆಯ ಗಂಟು ಹೊತ್ತು ಹಿತ್ತಲಿಗೆ ಬಂದಳು. ದವಾಖಾನೆಯ ಹಾಸಿಗೆ ಬಟ್ಟೆ ಒಗೆಯುವವಳು ಈಕೆ. ಸಾವಂತ್ರೆವ್ವನನ್ನು ನೋಡಿದ್ದೇ, ಈಗೀಗ ನಿನ್ನ ಅತ್ತಿ ಛಲೋ ಆಗ್ಯಾಳ ನೋಡು, ನನ್ನ ಕೈ ತಣ್ಣಗಾತು ಎಂದಳು. ಸಾವಂತ್ರೆವ್ವ ತಲೆ ಎತ್ತಲಿಲ್ಲ.

ಛಲೋ ಆದದ್ದು ಏನೆಂದು ಗಂಗಪ್ಪನವರು ಕೇಳಿದರು. ಕಲೆ ಎಂದಳು ಮುದಕವ್ವ. ಒಂದು ತಿಂಗಳು ಆ ಮುದುಕಿಯ ದಿಂಬಿನ ಗವಸು ಸೋಡಾ ನೀರಿಗೆ ಹಾಕಿದರೆ ಮಸಿ ಬಿದ್ದಂತೆ ಕಪ್ಪಾಗುತ್ತಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ಈ ಪುಡಿಯ ಗುಣವನ್ನು ಡಾ. ಫ್ಲೋರೆನ್ಸ್ ನಿನ್ನೆಯೇ ಗಂಗಪ್ಪನವರಿಗೆ ಹೇಳಿದ್ದರು. ಮೈಯೊಳಗೆ ಹೊಕ್ಕಿದ್ದು ಜೊಲ್ಲಿನಲ್ಲೋ ಮೂತ್ರದಲ್ಲೋ ಹೊರಬಂದು, ಸೋಡಾದ ಜೋಡಿ ಕೂಡಿದರೆ ಕಪ್ಪಾಗುತ್ತದೆ. ಪುಡಿ ನುಂಗಿದವರು ಬಾಯಿ ಮುಚ್ಚಿಕೊಂಡಿರಬಹುದು. ದಿಂಬು ಮುಚ್ಚಿಕೊಳ್ಳುವುದಿಲ್ಲ.

"ಈಗ ಕಲೆ ಕಡಿಮಿ ಆಗ್ಯದ ಅನ್ನು," ಎಂದರು ಗಂಗಪ್ಪನವರು.

"ಇಲ್ಲಿ ಕಡಿಮಿ ಆಗೇತ್ರಿ. ಅಲ್ಲಿ ಸುರು ಆಗೇತಿ."

"ಎಲ್ಲಿ?"

ಮುದಕವ್ವ ಗಂಟಿನಿಂದ ಒಂದು ಬಿಳಿ ಗವಸು ಎಳೆದಳು. ಒಂದು ಅಂಚಿನಲ್ಲಿ ಅಂಗೈಯಗಲ ಕಪ್ಪು. ಇನ್ನೊಂದು ಮೂಲೆಯಲ್ಲಿ ಅಗಸರು ಕೇರುಬೀಜದ ಮಸಿಯಿಂದ ಹಾಕುವ ಗುರುತು: ಒಂದು ಗೆರೆ, ಕೆಳಗೆ ಎರಡು ಚುಕ್ಕೆ. ಯಾವ ಮನೆಯ ಬಟ್ಟೆ ಯಾವುದೆಂದು ಮುದಕವ್ವ ನೆನಪಿಡುವುದು ಆ ಗುರುತಿನಿಂದಲೇ.

"ಲಕಮನಹಳ್ಳಿ ರಸ್ತಾದಾಗಿನ ತಿಮೋತಿ ಮಾಸ್ತರ ಮನೀದ್ರಿ. ಮೂರು ವಾರಾತು."

ಗಂಗಪ್ಪನವರು ಗವಸನ್ನು ತಿರುಗಿಸಿ ನೋಡಿದರು, ಮತ್ತೊಮ್ಮೆ ತಿರುಗಿಸಿದರು. ಗುರುತು ಬದಲಾಗಲಿಲ್ಲ.

ತಿಮೋತಿ ಮಾಸ್ತರರು ಡಾ. ಫ್ಲೋರೆನ್ಸ್ ಅವರ ತಂದೆ. ಎರಡೂವರೆ ವರ್ಷದಿಂದ ಇದೇ ರೋಗ. ಗಂಗಪ್ಪನವರಿಗೆ ಅದಕ್ಕಿಂತ ಹಳೆಯ ಗುರುತೂ ಇತ್ತು. ಊರ ಸಾಲಿಯಲ್ಲಿ ಹೊರಗೆ, ಕಿಟಕಿಯ ಕೆಳಗೆ ಕೂತು ಕಲಿಯುತ್ತಿದ್ದ ಹುಡುಗ ಗಂಗಪ್ಪನನ್ನು ಮಿಶನ್ ಸಾಲಿಗೆ ಕರೆತಂದು, ಬೆಂಚಿನ ಮೇಲೆ ಎಲ್ಲರ ನಡುವೆ ಕೂರಿಸಿದವರು ಅವರೇ. ದುಡ್ಡಿನ ಮಾತಿಗೆ ಮೊದಲೇ ನಿಧಿಯವರು ಬರೆಸಿಕೊಂಡಿದ್ದ ಕರಾರುಪತ್ರದ ನಾಲ್ಕನೆಯ ಕಲಮು, ಡಾಕ್ಟರ ಬಂಧುಗಳಿಗೆ ಈ ಔಷಧ ಕೊಡತಕ್ಕದ್ದಲ್ಲ ಎನ್ನುತ್ತಿತ್ತು. ಕೆಳಗೆ ಡಾ. ಫ್ಲೋರೆನ್ಸ್ ಅವರ ಸಹಿ. ಅದನ್ನು ಓದಿದಾಗ ಸಾವಕಾರರು ಮನುಷ್ಯರನ್ನು ಬಲ್ಲವರು ಅನ್ನಿಸಿತ್ತು. ಈಗ ಅಷ್ಟು ಬಲ್ಲವರಾಗಿರಬಾರದಿತ್ತು ಅನ್ನಿಸಿತು.

ಟಾಂಗಾದಲ್ಲಿ ಲಕಮನಹಳ್ಳಿ ರಸ್ತೆ ಮುಟ್ಟುವವರೆಗೆ ಗಂಗಪ್ಪನವರು ಬೇರೆ ಕಳ್ಳರನ್ನು ಹುಡುಕಿದರು. ಮನೆಗೆಲಸದವಳು. ದವಾಖಾನೆಯಲ್ಲಿದ್ದ ಮಾಸ್ತರರ ಹಳೆಯ ಶಿಷ್ಯರು ಯಾರಾದರೂ. ಯಾಕೂಬಸಾಬರನ್ನೂ ಒಮ್ಮೆ ಹಿಡಿದು ನೋಡಿ, ನಾಚಿ ಬಿಟ್ಟರು.

ಹೆಂಚಿನ ಮನೆಯ ಬಾಗಿಲು ತಟ್ಟಿದಾಗ ಕೆಲಸದವಳು ಬಂದು ತೆರೆಯಬೇಕಿತ್ತು. ತೆರೆದವರು ಮಾಸ್ತರರು.

ಆಗಸ್ಟಿನಲ್ಲಿ ನೋಡಲು ಬಂದಾಗ ಇವರು ಚಹದ ಕಪ್ಪನ್ನು ತುಟಿಗೆ ತರುವಷ್ಟರಲ್ಲಿ ಚಹ ಆರಿಹೋಗಿತ್ತು. ಈಗ ಕರಿಯ ಕೋಟು ಹಾಕಿಕೊಂಡು, ತಮ್ಮ ಕಾಲ ಮೇಲೆ ತಾವೇ ನಿಂತು, ಗುಂಡಿ ಹಾಕಿಕೊಳ್ಳುತ್ತಿದ್ದರು. ಮೊದಲನೆಯದು ಮುಗಿದಿತ್ತು.

"ಬಾ ಗಂಗಪ್ಪಾ. ತಡಿ, ಸಹಾಯ ಮಾಡಬ್ಯಾಡ. ಐದು ಗುಂಡಿ ಅದಾವ, ಐದೂ ನಾನ ಹಾಕ್ಕೋತೇನಿ."

ಎರಡನೆಯದನ್ನು ಹಾಕುತ್ತ ಎಲ್ಲ ಹೇಳಿದರು. ಮಗಳು ದಿನಾ ಬೆಳಿಗ್ಗೆ ತಾನೇ ಬಂದು ಪುಡಿ ಕೊಟ್ಟು ಹೋಗುತ್ತಾಳೆ. ಪರದೇಶದಿಂದ ಹೇರಳ ಬಂದಿದೆಯಂತೆ. ವಯಸ್ಸಾದ ಒಣ ದೇಹಕ್ಕೆ ಸ್ವಲ್ಪವೇ ಸಾಕಾಯಿತಂತೆ. ಯಾರಿಗೂ ಹೇಳಬೇಡ ಅಂದಿದ್ದಾಳೆ, ಆದರೆ ದೀಪ ಹಚ್ಚಿ ಕೊಳಗದ ಕೆಳಗಿಡುವುದು ಸರಿಯಲ್ಲ. ನಾಳೆ ಪಂಚರ ಮುಂದೆ ನಡೆದು ಹೋಗಿ, ಈ ಔಷಧಕ್ಕೆ ದುಡ್ಡು ಕೊಡಿರಿ, ನನ್ನನ್ನು ನೋಡಿ ಕೊಡಿರಿ ಎಂದು ಸಾಕ್ಷಿ ಹೇಳಬೇಕೆಂದಿದ್ದಾರೆ. ಕೋಟು ಅದಕ್ಕಾಗಿ. ಇವತ್ತು ಬರೀ ತಾಲೀಮು.

ಗಂಗಪ್ಪನವರು ಬಾಯಿ ತೆರೆಯುವ ಮೊದಲೇ ಇನ್ನೊಂದು ಟಾಂಗಾ ಗೇಟಿನ ಹತ್ತಿರ ನಿಂತಿತು. ಡಾ. ಫ್ಲೋರೆನ್ಸ್ ಇಳಿದರು. ಅಂಗಳದಲ್ಲಿ ಗಂಗಪ್ಪನವರನ್ನು ನೋಡಿದರು, ಹೊಸ್ತಿಲಲ್ಲಿ ನಿಂತ ತಂದೆಯನ್ನು ನೋಡಿದರು. ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ಹುಬ್ಬಳ್ಳಿಯಿಂದ ಫೋನ್ ಬಂದಿತ್ತು," ಎಂದರು. ಧ್ವನಿ ಪಾಠ ಒಪ್ಪಿಸುವವರದಾಗಿತ್ತು. "ಸಾವಕಾರ್ರು ನಿಮ್ಮ ದಾರಿ ಕಾಯಲಿಲ್ಲ. ಯಾಕೂಬಸಾಬರನ್ನ ಪೊಲೀಸರು ಕರಕೊಂಡ ಹೋದ್ರು. ಸಭಾ ಒಂದು ತಿಂಗಳ ಮುಂದ ಹೋತು. ಹೊಸಾ ಬಾಟಲಿಗೆ ತಂತಿ ಕಳಸ್ರಿ, ರೊಕ್ಕ ನಾ ಕೊಡತೇನಿ ಅಂದಾರ."

ಹೊಸ್ತಿಲಲ್ಲಿ ಮಾಸ್ತರರು ಮೂರನೆಯ ಗುಂಡಿ ಹಾಕಿಕೊಂಡರು. ಡಾಕ್ಟರು ಮುಂದುವರಿಸಿದರು.

"ತಿಂಗಳದಾಗ ಉಡಚವ್ವ ಏಳತಾಳ, ಗಂಗಪ್ಪನವರ. ಪೂರಾ ಪುಡಿ ಕೊಟ್ರ ಖರೇನ ಏಳತಾಳ. ಆಮ್ಯಾಲ ಆರು ಹಾಸಿಗಿ. ಆಮ್ಯಾಲ ಎಷ್ಟೋ ಮಂದಿ."

"ಯಾಕೂಬಸಾಬರು?" ಎಂದರು ಗಂಗಪ್ಪನವರು.

ಡಾ. ಫ್ಲೋರೆನ್ಸ್ ಗೇಟಿನ ಸರಳನ್ನು ಹಿಡಿದುಕೊಂಡರು. ಅವರ ಉತ್ತರ ಆ ಪ್ರಶ್ನೆಗೆ ಇರಲಿಲ್ಲ.

"ಇಬ್ಬರಿಗೂ ಸಾಲತದ ಅಂತ ತಿಳಕೊಂಡಿದ್ದೆ."

ಮಾಸ್ತರರ ಬೆರಳು ನಾಲ್ಕನೆಯ ಗುಂಡಿಯ ಮೇಲೆ ನಿಂತಿತು. ಅವರು ಮಗಳ ಕಡೆ ನೋಡಲಿಲ್ಲ. ಐವತ್ತು ವರ್ಷದ ಹಿಂದೆ ತಾವು ಬೆಂಚಿನ ಮೇಲೆ ಕೂರಿಸಿದವನನ್ನು ನೋಡಿದರು.

"ಇನ್ನೊಬ್ಬರು ಯಾರು, ಗಂಗಪ್ಪಾ?"